ಹಳೇ ಮದ್ರಾಸ್ ರಸ್ತೆ, ಒಂದು ಎತ್ತಿನಗಾಡಿ ಮತ್ತು ನೆಲದೊಳಗಿನ ಬಂಗಾರ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)



ಒಂದು ದಿನ ಬೆಳಗ್ಗೆ ಕೆ.ಆರ್. ಪುರ ರೈಲ್ವೆ ನಿಲ್ದಾಣಕ್ಕೆ ಹೋಗಿ ನಿಂತ್ಕೊಳ್ಳಿ. ಮಾರಿಕುಪ್ಪಂ ಕಡೆಯಿಂದ ಬರೋ ಗಾಡಿ ನಿಂತ ತಕ್ಷಣ ಪ್ಲಾಟ್‌ಫಾರಂ ತುಂಬಿ ಹೋಗುತ್ತೆ. ಕೈಯಲ್ಲಿ ಊಟದ ಡಬ್ಬಿ, ಹೆಗಲಲ್ಲಿ ಬ್ಯಾಗು. ಒಂದಷ್ಟು ಜನ ಇಲ್ಲೇ ಇಳೀತಾರೆ. ಉಳಿದವರು ದಂಡು ಅಂತ ಮುಂದಕ್ಕೆ ಹೋಗ್ತಾರೆ. ಇವರಲ್ಲಿ ತುಂಬಾ ಜನ ಕೆಜಿಎಫ್‌ನವರು. ಅಲ್ಲಿನ ಚಿನ್ನದ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ಆವತ್ತಿನಿಂದ ಆ ಊರಿನ ದುಡಿಯೋ ಜನಕ್ಕೆ ಬೆಂಗಳೂರೇ ಗಣಿ. ಕತ್ತಲಲ್ಲಿ ಹೊರಟು, ಕತ್ತಲಾದ ಮೇಲೆ ಮನೆ ಸೇರ್ತಾರೆ.

ಇವತ್ತಿನ ಕಥೆ ಈ ರೈಲಿನ ಎದುರು ದಿಕ್ಕಿನದು. ಸುಮಾರು 150 ವರ್ಷದ ಹಿಂದೆ ಬೆಂಗಳೂರು ದಂಡಿನಿಂದ ಪೂರ್ವಕ್ಕೆ ಹೊರಟ ಒಬ್ಬ ನಿವೃತ್ತ ಸಿಪಾಯಿಯದು. ಅವನು ಹೋಗಿದ್ದು ಬಂಗಾರ ಹುಡುಕೋಕೆ. ಅವನ ಹೆಸರು ಇವತ್ತಿಗೂ ನಮ್ಮ ಬಾಯಲ್ಲಿದೆ, ಯಾಕಂದ್ರೆ ಒಂದು ರಸ್ತೆಗೆ ಆ ಹೆಸರಿಟ್ಟಿದ್ದಾರೆ. ಲ್ಯಾವೆಲ್ಲೆ ರಸ್ತೆ. ಆದರೆ ಅವನಿಗೂ ಮೊದಲು ಆ ಬಂಗಾರವನ್ನ ಕಂಡವರು ಬೇರೆ ಇದ್ದರು. ಅವರ ಹೆಸರಿನ ಒಂದು ಓಣಿಯೂ ಇಲ್ಲ. ನೆಲದೊಳಗಿರೋ ಸಂಪತ್ತನ್ನ ಹುಡುಕೋದು ಅಂದ್ರೆ ಏನು, ಅದರಲ್ಲಿ ಯಾರ ಕಣ್ಣು ಮೊದಲು ಕೆಲಸ ಮಾಡುತ್ತೆ, ಫಲ ಯಾರ ಪಾಲಾಗುತ್ತೆ ಅನ್ನೋದನ್ನ ಇವತ್ತು ನೋಡೋಣ.

ಇನಾಮು ಇಟ್ಟ ಸರ್ವೆ ಅಧಿಕಾರಿ

1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಟಿಪ್ಪುವಿನ ರಾಜ್ಯ ಹಂಚಿಹೋಯಿತು. ಹಂಚಿಕೊಂಡ ಮೇಲೆ ಗಡಿ ಗುರುತಿಸಬೇಕಲ್ಲ, ಅದಕ್ಕೆ ಅಳತೆಯ ಕೆಲಸ ಶುರುವಾಯಿತು. ಮೈಸೂರಿನ ಪೂರ್ವದ ಗಡಿ ಅಳೆಯೋಕೆ ಬಂದವರಲ್ಲಿ ಒಬ್ಬ ಲೆಫ್ಟಿನೆಂಟ್ ಜಾನ್ ವಾರೆನ್. ಹುಟ್ಟಿನಿಂದ ಫ್ರೆಂಚ್, ಕೆಲಸ ಮಾಡಿದ್ದು ಬ್ರಿಟಿಷರ 33ನೇ ಪದಾತಿ ದಳದಲ್ಲಿ. ಮುಂದೆ ಇದೇ ಮನುಷ್ಯ ಮದ್ರಾಸಿನ ವೀಕ್ಷಣಾಲಯ ನೋಡಿಕೊಂಡ, ನಮ್ಮ ಪಂಚಾಂಗದ ಲೆಕ್ಕಗಳ ಬಗ್ಗೆ 'ಕಾಲಸಂಕಲಿತ' ಅನ್ನೋ ದೊಡ್ಡ ಪುಸ್ತಕ ಬರೆದ.

1802ರಲ್ಲಿ ಕೋಲಾರದ ಸೀಮೆಯಲ್ಲಿ ಓಡಾಡ್ತಿದ್ದಾಗ ವಾರೆನ್ ಕಿವಿಗೆ ಒಂದು ಸುದ್ದಿ ಬಿತ್ತು. ಉರಿಗಾಂ ಹತ್ತಿರ ಹೊಲದ ಮಣ್ಣಲ್ಲಿ ಬಂಗಾರ ಸಿಗುತ್ತೆ ಅಂತ. ಅವನು, ತೋರಿಸಿದವರಿಗೆ ಇನಾಮು ಕೊಡ್ತೀನಿ ಅಂತ ಸಾರಿದ. ಊರಿನವರು ಗಾಡಿಯಲ್ಲಿ ಮಣ್ಣು ತುಂಬಿಕೊಂಡು ಬಂದು, ಅವನ ಕಣ್ಣೆದುರಿಗೇ ತೊಳೆದು ತೋರಿಸಿದರು. ತಳದಲ್ಲಿ ಹಳದಿ ಪುಡಿ ಉಳೀತು.

ಮಾರಿಕುಪ್ಪಂನಲ್ಲಿ ಅವನು ಕಂಡದ್ದು ಇನ್ನೂ ದೊಡ್ಡದು. ಅಲ್ಲಿ ಜನ ಬಾವಿಯ ಹಾಗೆ ಗುಂಡಿ ತೋಡಿ ಒಳಗಿಳೀತಿದ್ದರು. ಒಡೆದ ಕಲ್ಲನ್ನ ಬುಟ್ಟಿಯಲ್ಲಿ ಕೈಯಿಂದ ಕೈಗೆ ದಾಟಿಸಿ ಮೇಲೆ ತರ್ತಿದ್ದರು. ಹೆಂಗಸರು ಆ ಕಲ್ಲು ಕುಟ್ಟಿ, ಪುಡಿ ಮಾಡಿ, ತೊಳೆದು ಬಂಗಾರ ತೆಗೀತಿದ್ದರು. ಈ ಕೆಲಸ ಮಾಡ್ತಿದ್ದವರು ಆಗಿನ ಸಮಾಜ ಊರಾಚೆ ಇಟ್ಟಿದ್ದ ಕುಟುಂಬಗಳವರು. ವಾರೆನ್ ಇದನ್ನೆಲ್ಲ ಬರೆದಿಟ್ಟ. 1804ರಲ್ಲಿ ಅದು ಅಚ್ಚಾಯಿತು.

ಇಲ್ಲಿ ಒಂದು ಮಾತು ಗಮನಿಸಿ. ಇವತ್ತಿನ ಭೂವಿಜ್ಞಾನಿ ಹೊಸ ಜಾಗಕ್ಕೆ ಹೋದಾಗ ಮಾಡೋ ಮೊದಲ ಕೆಲಸವೂ ಇದೇ. ಹಳ್ಳದ ಮರಳು, ಮಣ್ಣು ತಗೊಂಡು ತಟ್ಟೆಯಲ್ಲಿ ನೀರು ಹಾಕಿ ಆಡಿಸೋದು. ಹಗುರವಾದದ್ದು ಹರಿದುಹೋಗುತ್ತೆ, ತೂಕದ್ದು ತಳದಲ್ಲಿ ನಿಲ್ಲುತ್ತೆ. ನಮ್ಮ ಮನೆಗಳಲ್ಲಿ ಅಕ್ಕಿ ಜಾಲಿಸಿ ಕಲ್ಲು ತೆಗೀತಿದ್ದರಲ್ಲ, ಅದೇ ವಿದ್ಯೆ. ಈ ಕೆಲಸವನ್ನೇ ಕಸುಬು ಮಾಡಿಕೊಂಡವರಿಗೆ ಗದಗದ ಕಪ್ಪತಗುಡ್ಡದ ಕಡೆ ಜಾಲಗಾರರು ಅಂತಲೇ ಹೆಸರಿತ್ತು. ಮಳೆ ಬಂದು ಹಳ್ಳ ಹರಿದ ಮೇಲೆ ಅವರು ಮರಳು ಜಾಲಿಸಿ ಬಂಗಾರ ತೆಗೀತಿದ್ದರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರ ಬಗ್ಗೆ ಬರೆದಿದ್ದಾನೆ. ಅಂದ್ರೆ ಮಾದರಿ ಸಂಗ್ರಹ, ಇಂಗ್ಲಿಷ್‌ನಲ್ಲಿ ಸ್ಯಾಂಪ್ಲಿಂಗ್ ಅಂತೀವಲ್ಲ, ಅದು ಹಡಗು ಹತ್ತಿ ಬಂದ ವಿದ್ಯೆಯಲ್ಲ. ಇಲ್ಲಿನವರ ಕೈಯಲ್ಲೇ ಇತ್ತು.

ದಂಡಿನಿಂದ ಹೊರಟ ಲ್ಯಾವೆಲ್ಲೆ

ವಾರೆನ್ ಬರೆದ ವರದಿ ಹಾಗೇ ಇತ್ತು. ಈ ನಡುವೆ ಬೆಂಗಳೂರಿನ ಚಹರೆ ಬದಲಾಯಿತು. 1809ರ ಹೊತ್ತಿಗೆ ಶ್ರೀರಂಗಪಟ್ಟಣದ ಸೈನ್ಯ ಇಲ್ಲಿಗೆ ಬಂದು, ಹಲಸೂರು ಕೆರೆಯ ಆಸುಪಾಸಿನಲ್ಲಿ ದಂಡು ಬೆಳೀತು. 1831ರಿಂದ ಮೈಸೂರಿನ ಆಡಳಿತ ಬ್ರಿಟಿಷ್ ಕಮಿಷನರುಗಳ ಕೈಗೆ ಹೋಯಿತು. 1864ರ ಆಗಸ್ಟ್ 1ರಂದು ದಂಡಿನಿಂದ ಜೋಲಾರಪೇಟೆಗೆ ರೈಲು ಓಡಿತು. ಆಗ ಕಮಿಷನರ್ ಆಗಿದ್ದವನು ಲೆವಿನ್ ಬೌರಿಂಗ್. ಶಿವಾಜಿನಗರದ ಬೌರಿಂಗ್ ಆಸ್ಪತ್ರೆಗೆ ಅವನದೇ ಹೆಸರು. ಕೋಲಾರದ ಕಡೆಯ ಒಂದು ರೈಲು ನಿಲ್ದಾಣದ ಊರಿಗೂ ಅವನ ಹೆಸರೇ ಬಿತ್ತು, ಬೌರಿಂಗ್‌ಪೇಟೆ ಅಂತ. ಅದೇ ಇವತ್ತಿನ ಬಂಗಾರಪೇಟೆ.

ದಂಡಿನಲ್ಲಿ ಪಿಂಚಣಿ ತಗೊಂಡು ನೆಲೆಸಿದ ಸಿಪಾಯಿಗಳು ಬೇಕಾದಷ್ಟು ಜನ ಇದ್ದರು. ಅವರಲ್ಲಿ ಒಬ್ಬ ಮೈಕೆಲ್ ಫಿಟ್ಜ್‌ಜೆರಾಲ್ಡ್ ಲ್ಯಾವೆಲ್ಲೆ, ಐರ್ಲೆಂಡಿನವನು. ನ್ಯೂಜಿಲೆಂಡಿನ ಮಾವೋರಿ ಯುದ್ಧದಲ್ಲಿ ಕಾದಾಡಿ ಬಂದವನು. ಆ ದೇಶದಲ್ಲಿ ಆಗ ಚಿನ್ನದ ಹುಚ್ಚು ಜೋರಾಗಿತ್ತು. ಬೆಂಗಳೂರಿಗೆ ಬಂದ ಮೇಲೂ ಅವನ ತಲೆಯಿಂದ ಚಿನ್ನ ಇಳೀಲಿಲ್ಲ. ವಾರೆನ್‌ನ ಹಳೇ ವರದಿ ಅವನ ಕೈಗೆ ಸಿಕ್ಕಿತು. 1871ರಲ್ಲಿ ಎತ್ತಿನಗಾಡಿ ಕಟ್ಟಿಸಿಕೊಂಡು ಕೋಲಾರದ ಕಡೆ ಹೊರಟ ಅಂತ ಕಥೆ. ಸುಮಾರು 60 ಮೈಲಿ.

ದಂಡಿನಿಂದ ಹಲಸೂರು ದಾಟಿ ಪೂರ್ವಕ್ಕೆ ಹೋಗೋ ಹೆದ್ದಾರಿ ಅಂದ್ರೆ ನಮ್ಮ ಹಳೇ ಮದ್ರಾಸ್ ರಸ್ತೆ. ಇವತ್ತು ಅದರ ಮೇಲೆ ಮೆಟ್ರೋ ಓಡುತ್ತೆ. ಇಂದಿರಾನಗರ ಅನ್ನೋ ಬಡಾವಣೆ ಹುಟ್ಟೋಕೆ ಇನ್ನೂ ನೂರು ವರ್ಷ ಇತ್ತು. ಬರೀ ಹೊಲ, ಕೆರೆ, ತೋಪು. ಆಮೇಲೆ ಕೆ.ಆರ್. ಪುರ, ಹೊಸಕೋಟೆ, ಕೋಲಾರ.

ಲ್ಯಾವೆಲ್ಲೆ ಅಲ್ಲಿ ಮಾಡಿದ್ದೇನು? ಹಳೇ ಗುಂಡಿಗಳು ಎಲ್ಲೆಲ್ಲಿವೆ ಅಂತ ನೋಡಿಕೊಂಡ. ಬೆಣಚುಕಲ್ಲಿನ ಪಟ್ಟೆಗಳನ್ನ ಗುರುತು ಹಾಕಿಕೊಂಡ. 1873ರಲ್ಲಿ, ಕೋಲಾರ ಜಿಲ್ಲೆಯಲ್ಲಿ ಗಣಿ ಅಗೆಯೋ ಹಕ್ಕು ನನಗೊಬ್ಬನಿಗೇ ಕೊಡಿ ಅಂತ ಸರ್ಕಾರಕ್ಕೆ ಅರ್ಜಿ ಹಾಕಿದ. ಸರ್ಕಾರಕ್ಕೆ ಬಂಗಾರಕ್ಕಿಂತ ಕಲ್ಲಿದ್ದಲಿನ ಮೇಲೆ ಆಸೆ ಇತ್ತು, ಯಾಕಂದ್ರೆ ರೈಲು ಓಡಿಸಬೇಕಿತ್ತು. ಹಾಗಾಗಿ ಒಪ್ಪಂದದಲ್ಲಿ ಕಲ್ಲಿದ್ದಲು ಸಿಕ್ಕರೆ ರಾಯಧನ ಬೇಡ ಅಂತ ಬರೆದುಕೊಂಡರು. ಲೋಹ ಸಿಕ್ಕರೆ ಇಷ್ಟು, ಅಮೂಲ್ಯ ಹರಳು ಸಿಕ್ಕರೆ ಇಷ್ಟು ಅಂತ ಬೇರೆ ಷರತ್ತು ಹಾಕಿದರು. ಹರಳಿನ ಮಾತು ಯಾಕೆ ಬಂತು ಅಂತ ನಗಬೇಡಿ. ಲ್ಯಾವೆಲ್ಲೆ ಕೋಲಾರಕ್ಕೆ ಹೋದ 1871ರಲ್ಲೇ ದಕ್ಷಿಣ ಆಫ್ರಿಕಾದ ಕಿಂಬರ್ಲಿಯಲ್ಲಿ ವಜ್ರದ ಗುಡ್ಡ ಸಿಕ್ಕಿತ್ತು. ನೆಲ ಅಗೆದರೆ ಏನು ಬೇಕಾದರೂ ಸಿಗಬಹುದು ಅನ್ನೋ ಕಾಲ ಅದು.

1875ರಲ್ಲಿ ಉರಿಗಾಂ ಹತ್ತಿರ ಲ್ಯಾವೆಲ್ಲೆ ಒಂದು ಬಾವಿ ತೋಡಿಸಿದ. ಆಗಲೇ ಅವನಿಗೆ ಗೊತ್ತಾಗಿದ್ದು, ಇದು ಒಬ್ಬ ಪಿಂಚಣಿದಾರನ ಜೇಬಿಗೆ ಆಗೋ ಕೆಲಸ ಅಲ್ಲ ಅಂತ. ಕೊನೆಗೆ ಸರ್ಕಾರದ ಒಪ್ಪಿಗೆ ತಗೊಂಡು, ಬೆಂಗಳೂರಿನಲ್ಲೇ ಇದ್ದ ಮೇಜರ್ ಜನರಲ್ ಬೆರೆಸ್‌ಫರ್ಡ್‌ಗೆ ಹಕ್ಕು ಬಿಟ್ಟುಕೊಟ್ಟ. ಬೆರೆಸ್‌ಫರ್ಡ್ ತನ್ನ ಸ್ನೇಹಿತರನ್ನ ಸೇರಿಸಿಕೊಂಡು 'ಕೋಲಾರ್ ಕನ್ಸೆಷನೇರ್ಸ್' ಅಂತ ಒಂದು ಕೂಟ ಕಟ್ಟಿದ. ಚಿನ್ನದ ಹಕ್ಕು ದಂಡಿನ ಒಂದು ಬಂಗಲೆಯಿಂದ ಇನ್ನೊಂದು ಬಂಗಲೆಗೆ ಹೋಯಿತು ಅಷ್ಟೇ. ಮಾರಿಕುಪ್ಪಂನ ಗುಂಡಿಗಳಲ್ಲಿ ಇಳೀತಿದ್ದವರ ಜೊತೆ ಯಾರೂ ಒಪ್ಪಂದ ಮಾಡಿಕೊಳ್ಳಲಿಲ್ಲ.

ಹಳಬರ ಗುಂಡಿಯ ಕೆಳಗೆ

1880ರ ಹೊತ್ತಿಗೆ ಲಂಡನ್ನಿನ ಗಣಿ ಎಂಜಿನಿಯರುಗಳಾದ ಜಾನ್ ಟೇಲರ್ ಅಂಡ್ ಸನ್ಸ್ ಬಂದರು. ಅದೇ ಸಮಯದಲ್ಲಿ ವಯನಾಡಿನ ಚಿನ್ನ ಅಂತ ಲಂಡನ್ ಷೇರುಪೇಟೆಯಲ್ಲಿ ದೊಡ್ಡ ಗದ್ದಲ ಎದ್ದಿತ್ತು. ಕಂಪನಿ ಮೇಲೆ ಕಂಪನಿ ಹುಟ್ಟಿದವು. ಷೇರು ಕೊಂಡವರು ಬಹಳ ಜನ ಕೈ ಸುಟ್ಟುಕೊಂಡರು, ಯಾಕಂದ್ರೆ ಹಣ ಸುರಿದಷ್ಟು ಚಿನ್ನ ವಯನಾಡಿನಲ್ಲಿ ಇರಲಿಲ್ಲ.

ಕೋಲಾರದಲ್ಲೂ ಮೊದಮೊದಲು ಅದೇ ಗತಿ. ತಪ್ಪಿದ ಜಾಗದಲ್ಲಿ ಬಾವಿ, ಬರೀ ಕಲ್ಲು. ಮೈಸೂರ್ ಗೋಲ್ಡ್ ಮೈನಿಂಗ್ ಕಂಪನಿಯ ಹಣ ತಳ ಕಂಡಿತ್ತು. ಮುಚ್ಚಿಬಿಡೋಣ ಅಂತ ಷೇರುದಾರರು, ಇನ್ನೊಂದು ಸಲ ನೋಡೋಣ ಅಂತ ಟೇಲರ್. ಆಗ ಕ್ಯಾಪ್ಟನ್ ಪ್ಲಮ್ಮರ್ ಅನ್ನೋ ಗಣಿ ಅಧಿಕಾರಿ ಹಳಬರ ಗುಂಡಿಗಳ ಕಡೆ ಗಮನ ಕೊಟ್ಟ. ಅವು ಕೆಲವು ಕಡೆ ನೂರು ಅಡಿಗೂ ಮೀರಿ ಆಳ ಹೋಗಿದ್ದವು. ಪಂಪು, ಸಿಡಿಮದ್ದು ಇಲ್ಲದೆ, ಬರೀ ಉಳಿ, ಸುತ್ತಿಗೆ, ಬೆಂಕಿಯಿಂದ ಅಷ್ಟು ಆಳ ಹೋಗಿದ್ದಾರೆ ಅಂದ್ರೆ ಸುಮ್ಮನೆ ಹೋಗಿರೋಲ್ಲ. ಚಿನ್ನ ಮುಗಿದದ್ದಕ್ಕೆ ನಿಂತಿರೋಲ್ಲ, ನೀರು ಬಂದದ್ದಕ್ಕೆ ನಿಂತಿರಬೇಕು. ಆ ಗುಂಡಿಯ ಕೆಳಗೆ ಅಗೆದಾಗ 1880ರ ದಶಕದ ಮಧ್ಯಭಾಗದಲ್ಲಿ ಚಾಂಪಿಯನ್ ಪಟ್ಟೆ ಸಿಕ್ಕಿತು. ಕೆಜಿಎಫ್‌ನ ಕಥೆ ನಿಜವಾಗಿ ಶುರುವಾಗಿದ್ದು ಅಲ್ಲಿಂದ.

ಇದು ಕೋಲಾರದ ಕಥೆ ಮಾತ್ರ ಅಲ್ಲ. ರಾಯಚೂರಿನ ಹಟ್ಟಿಯಲ್ಲೂ ಹಳೇ ಗುಂಡಿಗಳಿದ್ದವು. ಅಲ್ಲಿ ಸಿಕ್ಕ ಹಳೇ ಮರದ ಕಾಲ ಪರೀಕ್ಷೆ ಮಾಡಿ ನೋಡಿದಾಗ ಸುಮಾರು ಎರಡು ಸಾವಿರ ವರ್ಷದ ಹಿಂದಿನದು ಅಂತ ಗೊತ್ತಾಯಿತು. ಕರ್ನಾಟಕದಲ್ಲಿ ಚಿನ್ನ ಹುಡುಕಿದ ಭೂವಿಜ್ಞಾನಿಗಳಿಗೆ ಅತಿ ಒಳ್ಳೆ ನಕ್ಷೆ ಅಂದ್ರೆ ಹಳಬರು ಬಿಟ್ಟುಹೋದ ಈ ಗುಂಡಿಗಳೇ.

ವಜ್ರ ಹುಡುಕೋರ ಲೆಕ್ಕ

ಲ್ಯಾವೆಲ್ಲೆಯ ಒಪ್ಪಂದದಲ್ಲಿ ಹರಳಿನ ಮಾತು ಬಂತಲ್ಲ, ಅಲ್ಲಿಗೆ ಒಂದು ಸಲ ಹೋಗಿ ಬರೋಣ. ಚಿನ್ನಕ್ಕಿಂತ ಕಷ್ಟದ ಹುಡುಕಾಟ ಅಂದ್ರೆ ವಜ್ರದ್ದು. ಇವತ್ತು ಕರ್ನಾಟಕದಲ್ಲಿ ವಜ್ರದ ಗಣಿ ಒಂದೂ ಇಲ್ಲ. ಆದರೆ ನಮ್ಮ ಬಳ್ಳಾರಿಯಿಂದ ಗಡಿ ದಾಟಿ ಗುಂತಕಲ್ ಕಡೆ ಹೋದರೆ, ಅನಂತಪುರ ಜಿಲ್ಲೆಯಲ್ಲಿ ವಜ್ರಕರೂರು ಅಂತ ಊರಿದೆ. ಊರಿನ ಹೆಸರಲ್ಲೇ ವಜ್ರ ಇದೆ. ಆ ಸೀಮೆಯಲ್ಲಿ, ಪಕ್ಕದ ಕರ್ನೂಲು ಜಿಲ್ಲೆಯಲ್ಲಿ, ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ಜನ ಇವತ್ತಿಗೂ ಹೊಲಗಳಲ್ಲಿ ತಲೆ ತಗ್ಗಿಸಿಕೊಂಡು ಹರಳು ಹುಡುಕ್ತಾ ನಡೀತಾರೆ. ಮಳೆ ಮಣ್ಣು ತೊಳೆದಿರುತ್ತೆ, ಬಿಸಿಲು ಬಿದ್ದರೆ ಮಿಂಚುತ್ತೆ.

ಭೂವಿಜ್ಞಾನಿ ಹುಡುಕೋದು ಹೇಗೆ? ವಜ್ರ ಹುಟ್ಟೋದು ಭೂಮಿಯ ಒಳಗೆ ನೂರೈವತ್ತು ಕಿಲೋಮೀಟರಿಗೂ ಆಳದಲ್ಲಿ. ಅದನ್ನ ಮೇಲಕ್ಕೆ ಹೊತ್ತು ತರೋದು ಕಿಂಬರ್ಲೈಟ್ ಅನ್ನೋ ಕಲ್ಲು. ಕಿಂಬರ್ಲಿ ಊರಿನಿಂದಲೇ ಆ ಹೆಸರು. ಈ ಕಲ್ಲು ಕೊಳವೆಯ ಹಾಗೆ ನೆಲ ಸೀಳಿಕೊಂಡು ಬಂದಿರುತ್ತೆ. ಮೇಲೆ ನೋಡಿದರೆ ಕೆಲವೇ ಎಕರೆ, ಅದೂ ಮಣ್ಣು ಮುಚ್ಚಿರುತ್ತೆ. ಹಾಗಾಗಿ ಮೊದಲು ವಜ್ರ ಹುಡುಕೋದಿಲ್ಲ, ವಜ್ರದ ಜೊತೆಗಾರರನ್ನ ಹುಡುಕ್ತಾರೆ. ಕೆಂಪು ನೇರಳೆ ಬಣ್ಣದ ಗಾರ್ನೆಟ್, ಕಪ್ಪು ಇಲ್ಮೆನೈಟ್, ಹಸಿರು ಡಯಾಪ್ಸೈಡ್. ಇವು ವಜ್ರಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಇರುತ್ತವೆ. ಹಳ್ಳದ ಮರಳು ಜಾಲಿಸಿದರೆ ಸಿಗುತ್ತವೆ. ಸಿಕ್ಕ ಜಾಗದಿಂದ ಹಳ್ಳದ ಮೇಲ್ಭಾಗಕ್ಕೆ ಹೋಗ್ತಾ ಹೋಗ್ತಾ ಮತ್ತೆ ಜಾಲಿಸೋದು. ಎಲ್ಲಿ ಅವು ನಿಂತುಹೋದವೋ ಅಲ್ಲೇ ಎಲ್ಲೋ ಮೂಲ ಇದೆ ಅಂತ ಅರ್ಥ.

ಅಲ್ಲಿಂದ ಯಂತ್ರದ ಸರದಿ. ಕಿಂಬರ್ಲೈಟ್‌ನ ಕಾಂತೀಯ ಗುಣ ಸುತ್ತಲಿನ ಕಲ್ಲಿಗಿಂತ ಬೇರೆ ಇರುತ್ತೆ. ಹೊಲದಲ್ಲಿ ನೇರ ಗೆರೆ ಹಿಡಿದು, ಕೈಯಲ್ಲಿ ಮ್ಯಾಗ್ನೆಟೋಮೀಟರ್ ಹಿಡಿದು ನಡೀತಾರೆ, ಇಲ್ಲಾಂದ್ರೆ ವಿಮಾನ, ಹೆಲಿಕಾಪ್ಟರಿನಲ್ಲಿ ಅಳತೆ ಮಾಡ್ತಾರೆ. ನಕ್ಷೆಯಲ್ಲಿ ದುಂಡಗಿನ ಗುರುತು ಎದ್ದು ಕಂಡರೆ ಅದಕ್ಕೆ ಗಮನ. ಕೊಳೆತ ಕಿಂಬರ್ಲೈಟ್‌ನಲ್ಲಿ ವಿದ್ಯುತ್ ಸುಲಭವಾಗಿ ಹರಿಯುತ್ತೆ, ಅದನ್ನೂ ಅಳೀತಾರೆ. ಇಷ್ಟೆಲ್ಲ ಆದ ಮೇಲೆ ಕೊರೆಯೋದು. ಕೊಳವೆಬಾವಿ ಕೊರೆದ ಹಾಗೆ ಪುಡಿ ಮಾಡಿ ತೆಗೆಯೋದಲ್ಲ, ಕಲ್ಲನ್ನ ಉದ್ದನೆಯ ಕೋಲಿನ ಹಾಗೆ ಇಡಿಯಾಗಿ ಹೊರತೆಗೆಯೋದು. ಆ ಕೊರೆಯೋ ಮೂತಿಗೆ ಕೂರಿಸಿರೋದು ಏನು ಗೊತ್ತಾ? ವಜ್ರದ ಚೂರು! 1860ರ ದಶಕದಿಂದ ಬಂದ ಪದ್ಧತಿ ಅದು. ಚಿನ್ನದ ಗಣಿಯಲ್ಲೂ ಪಟ್ಟೆ ಎಷ್ಟು ಆಳ ಹೋಗಿದೆ ಅಂತ ನೋಡೋದು ಅದರಿಂದಲೇ.

ಇಷ್ಟು ಮಾಡಿದರೂ ವಜ್ರ ಸಿಗುತ್ತೆ ಅನ್ನೋ ಖಾತ್ರಿ ಇಲ್ಲ. ಪ್ರಪಂಚದಲ್ಲಿ ಸಾವಿರಾರು ಕಿಂಬರ್ಲೈಟ್‌ಗಳು ಗೊತ್ತಿವೆ. ಗಣಿ ಮಾಡಿ ಲಾಭ ತಂದವು ನೂರಕ್ಕೂ ಕಡಿಮೆ. ರಾಯಚೂರಿಗೆ ತಾಗಿದ ಗದ್ವಾಲ ಸೀಮೆಯಲ್ಲೂ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಕಿಂಬರ್ಲೈಟ್‌ಗಳನ್ನ ಪತ್ತೆ ಮಾಡಿದೆ. ಗಣಿ ಆಗಲಿಲ್ಲ. ಮಧ್ಯಪ್ರದೇಶದ ಪನ್ನಾದ ಮಝಗಾವಾಂನಲ್ಲಿ ಎನ್‌ಎಂಡಿಸಿಯ ಗಣಿ ಇದೆ. ಅಲ್ಲಿ ನೂರು ಟನ್ ಕಲ್ಲಿಗೆ ಸಿಗೋದು ಸುಮಾರು ಹತ್ತು ಕ್ಯಾರೆಟ್, ಅಂದ್ರೆ ಎರಡು ಗ್ರಾಂ.

ಈ ಲೆಕ್ಕ ಯಾಕೆ ಹೇಳ್ತಿದೀನಿ ಅಂದ್ರೆ, ಹುಡುಕಾಟ ಅನ್ನೋದು ಬಹುಪಾಲು ಸೋಲಿನ ಕೆಲಸ, ಅದಕ್ಕೆ ದುಡ್ಡು ಬೇಕು. ಹಣ ಹಾಕಿದವರು ಅಪಾಯ ಮೈಮೇಲೆ ಹಾಕಿಕೊಂಡರು ಅನ್ನೋದು ಸುಳ್ಳಲ್ಲ. ಟೇಲರ್ ಕಂಪನಿ ಹಠ ಬಿಟ್ಟಿದ್ದರೆ ಕೆಜಿಎಫ್ ಇರ್ತಿರಲಿಲ್ಲ. ಆದರೆ ಹುಡುಕಾಟದ ಅತಿ ದುಬಾರಿ ಪ್ರಶ್ನೆ ಒಂದಿದೆ. ಇಷ್ಟು ದೊಡ್ಡ ನಾಡಿನಲ್ಲಿ ಮೊದಲು ಎಲ್ಲಿ ನೋಡಬೇಕು? ಕೋಲಾರದಲ್ಲಿ ಆ ಪ್ರಶ್ನೆಗೆ ಉತ್ತರ ಕೊಟ್ಟವರು ಉರಿಗಾಂನ ಉಳುವವರು, ಮಾರಿಕುಪ್ಪಂನ ಕಲ್ಲು ಕುಟ್ಟೋ ಹೆಂಗಸರು. ಅದಕ್ಕೆ ಅವರಿಗೆ ಸಿಕ್ಕಿದ್ದು ವಾರೆನ್ ಸಾರಿದ ಇನಾಮು. ಷೇರು ಸಿಗಲಿಲ್ಲ.

ಬಂಗಾರ ಹೋಯಿತು, ರೈಲು ಉಳಿಯಿತು

ಆಮೇಲಿನದು ನಿಮಗೆ ಗೊತ್ತಿರೋ ಕಥೆ. ತಮಿಳು, ತೆಲುಗು ಸೀಮೆಗಳಿಂದ ಸಾವಿರಾರು ಕುಟುಂಬಗಳು ಗಣಿ ಕೆಲಸಕ್ಕೆ ಬಂದವು. ಶಿವನಸಮುದ್ರದ ಕರೆಂಟು 1902ರಲ್ಲಿ ಮೊದಲು ಹೋಗಿದ್ದು ಕೆಜಿಎಫ್‌ಗೆ. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ. ಗಣಿ ಮೂರು ಕಿಲೋಮೀಟರಿಗೂ ಆಳ ಹೋಯಿತು. ಅಷ್ಟು ಆಳದಲ್ಲಿ ಕಲ್ಲು ತಾನಾಗಿ ಸಿಡೀತಿತ್ತು. ಚಿನ್ನ ಹುಡುಕೋಕೆ ಭೂಭೌತ ವಿಜ್ಞಾನ ಎಷ್ಟು ಬೇಕಿತ್ತೋ, ಈ ಸಿಡಿತ ಎಲ್ಲಿ ಆಗ್ತಿದೆ ಅಂತ ಕಂಪನ ಅಳೆದು ಜೀವ ಉಳಿಸೋಕೂ ಅಷ್ಟೇ ಬೇಕಿತ್ತು. ಕಲ್ಲಿನ ಧೂಳು ಕುಡಿದು ಎಷ್ಟೋ ಜನ ಸಿಲಿಕೋಸಿಸ್‌ನಿಂದ ಹೋದರು.

ಸುಮಾರು 120 ವರ್ಷದಲ್ಲಿ ಅಲ್ಲಿಂದ ಬಂದ ಚಿನ್ನ ಹೆಚ್ಚೂಕಡಿಮೆ 800 ಟನ್. ಊರಿಗೆ ಉಳಿದದ್ದು ಸಯನೈಡ್ ಮಣ್ಣಿನ ದಿಬ್ಬಗಳು, ಗಾಳಿ ಬಂದಾಗ ಏಳೋ ಧೂಳು. ಗಣಿಯಿಂದ ಬಾಧೆಪಟ್ಟ ಜನರಿಗೆ ಅಂತ ಜಿಲ್ಲಾ ಖನಿಜ ನಿಧಿ ಕಾನೂನಿಗೆ ಬಂದದ್ದು 2015ರಲ್ಲಿ. ಕೆಜಿಎಫ್ ಮುಚ್ಚಿ ಆಗಲೇ 14 ವರ್ಷ ಆಗಿತ್ತು.

ಇವತ್ತೂ ಕರ್ನಾಟಕದಲ್ಲಿ ಹುಡುಕಾಟ ನಡೀತಾನೇ ಇದೆ. ಯಂತ್ರ ಹೊಸದು, ಲೆಕ್ಕ ಕಂಪ್ಯೂಟರಿನದು. ಆದರೂ ಯಾವುದೋ ಊರಿನ ಹೊಲದಲ್ಲಿ ಜೀಪು ನಿಂತಾಗ, ಇಳಿದವರು ಮೊದಲು ಕೇಳೋದು ದನ ಕಾಯೋ ಹುಡುಗನನ್ನೋ, ಹೊಲದ ಯಜಮಾನನನ್ನೋ. "ಇಲ್ಲಿ ಹಳೇ ಗುಂಡಿ ಏನಾದ್ರೂ ಇದ್ಯಾ?" ಅಂತ. ಅವರು ಕೈ ತೋರಿಸ್ತಾರೆ. ಆ ಕೈಗೆ ವರದಿಯಲ್ಲಿ ಒಂದು ಸಾಲು, ಲಾಭದಲ್ಲಿ ಒಂದು ಪಾಲು ಇರಬೇಕೋ ಬೇಡವೋ ಅನ್ನೋದೇ 1802ರಿಂದ ಉಳಿದಿರೋ ಪ್ರಶ್ನೆ.

ಸಂಜೆ ದಂಡಿನ ನಿಲ್ದಾಣದಿಂದ ಆ ರೈಲು ವಾಪಸ್ ಹೊರಡುತ್ತೆ. ಕೆ.ಆರ್. ಪುರ, ಮಾಲೂರು, ಬಂಗಾರಪೇಟೆ. ಅಲ್ಲಿಂದ ಕವಲು ಹಿಡಿದು ಕೋರಮಂಡಲ್, ಉರಿಗಾಂ, ಚಾಂಪಿಯನ್, ಕೊನೆಗೆ ಮಾರಿಕುಪ್ಪಂ. ನಿಲ್ದಾಣದ ಹಲಗೆಗಳ ಮೇಲೆ ಗಣಿಯ ಹೆಸರುಗಳು ಹಾಗೇ ಇವೆ. ಮುಂದಿನ ಸಲ ಲ್ಯಾವೆಲ್ಲೆ ರಸ್ತೆಯಲ್ಲಿ ಹೋಗುವಾಗ ಮಾರಿಕುಪ್ಪಂನಲ್ಲಿ ಕಲ್ಲು ಕುಟ್ಟಿ ಜಾಲಿಸಿದ ಆ ಹೆಂಗಸರನ್ನೂ ಒಂದು ಸಲ ನೆನಪು ಮಾಡಿಕೊಳ್ಳಿ.